ಗೋಡೆಗೆ ಒರೆಸಿದ ಬೆರಳು

ಶಂಕರಲಿಂಗಪ್ಪನವರು ಸುಳ್ಳು ಹೇಳುತ್ತಾರೆ ಎಂದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಆದ್ದರಿಂದಲೇ ಅವರು ಒಂದು ಸುಳ್ಳು ಹೇಳಿದಾಗ ಅದನ್ನು ಎಲ್ಲರೂ ನಂಬಿದರು. ಇದರಲ್ಲಿ ಅವರ ತಪ್ಪೆಷ್ಟು, ಓಣಿಯ ತಪ್ಪೆಷ್ಟು ಎಂಬುದನ್ನು ಶಿವನೇ ಲೆಕ್ಕ ಹಾಕಬೇಕು.

ಅವರು ಹುನಗುಂದದ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮುಂಜಾನೆ ಸ್ನಾನ, ಲಿಂಗಪೂಜೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಆಮೇಲೆ ಚಹಾ. ಈ ಕ್ರಮ ತಪ್ಪಿದ್ದನ್ನು ಕಂಡವರಿಲ್ಲ. ಅವರಿಗೆ ಇದ್ದ ಒಂದೇ ಚಟ ಎಲೆಯಡಿಕೆ. ಅದೂ ಹೋದ ವರ್ಷ ಹೋಯಿತು. ಹೆಂಡತಿ ಸಂಗವ್ವ ಲಿಂಗೈಕ್ಯಳಾದ ಮೇಲೆ ಮನೆಯಲ್ಲಿ ಶಿವಗಣಾರಾಧನೆ ನಡೆಯಿತು. ಅಂದು ಗುಡೂರಿನ ದಾರಿಯಲ್ಲಿರುವ ಸಣ್ಣ ಮಠದ ಅಯ್ಯನವರು ಜೋಳಿಗೆ ಹಿಡಿದು ಬಂದರು. ಆ ಜೋಳಿಗೆಗೆ ಜೋಳ ಬೇಡ, ರೊಕ್ಕ ಬೇಡ. ನಿಮ್ಮ ಚಟ ಹಾಕಿರಿ ಎನ್ನುತ್ತಾರೆ. ಕುಡಿಯುವವನು ಬಾಟಲಿ, ಸೇದುವವನು ಬೀಡಿ ಕಟ್ಟು ಹಾಕಿ, ಮತ್ತೆ ಮುಟ್ಟುವುದಿಲ್ಲವೆಂದು ಆಣೆ ಮಾಡಬೇಕು. ಶಂಕರಲಿಂಗಪ್ಪನವರು ಒಳಗೆ ಹೋಗಿ ತಮ್ಮ ತಗಡಿನ ಎಲೆಪೆಟ್ಟಿಗೆಯನ್ನು ತಂದು ಜೋಳಿಗೆಗೆ ಹಾಕಿ, ಆಕೆಯೇ ಹೋದ ಮೇಲೆ ಇದನ್ನು ಯಾರ ಜೋಡಿ ತಿನ್ನಲಿ ಎಂದರು. ನೆರೆದವರೆಲ್ಲ ಅತ್ತರು. ಅದನ್ನು ಕಂಡು ಓಣಿಯ ತುದಿಯ ಪಾನಂಗಡಿಯ ಮುಂದೆ ನಿಲ್ಲುವ ಹುಡುಗರು ಕೂಡ ಜೇಬಿನ ಗುಟ್ಕಾ ಚೀಟಿಗಳನ್ನು ಜೋಳಿಗೆಗೆ ಸುರಿದರು. ಅಂದಿನಿಂದ ಅಯ್ಯನವರು ಪ್ರತಿ ಪ್ರವಚನದಲ್ಲಿಯೂ ಇಳಕಲ್ಲಿನ ಶಂಕರಲಿಂಗಪ್ಪನವರ ಉದಾಹರಣೆ ಕೊಡತೊಡಗಿದರು. ಒಬ್ಬ ಮನುಷ್ಯ ಉದಾಹರಣೆಯಾದ ಮೇಲೆ ಅವನು ಎಲೆ ತಿನ್ನುವುದು ಬಹಳ ಕಷ್ಟ. ಕಷ್ಟ ಎಂದೆ, ಆಗುವುದೇ ಇಲ್ಲ ಎನ್ನಲಿಲ್ಲ.

ಅವರು ಜೋಳಿಗೆಗೆ ಹಾಕಿದ್ದು ತಮ್ಮ ಪೆಟ್ಟಿಗೆಯನ್ನು. ಸಂಗವ್ವನ ಸಂಚಿ, ಅಂದರೆ ಎಲೆ ಅಡಿಕೆ ಸುಣ್ಣದ ಡಬ್ಬಿ ಇಡುವ ಬಟ್ಟೆಯ ಚೀಲ, ಹಾಸಿಗೆಯ ಪೆಟ್ಟಿಗೆಯೊಳಗೆ ಕೌದಿಯ ಕೆಳಗೆ ಭದ್ರವಾಗಿತ್ತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ. ಮಗ ವಿಜಯಮಹಾಂತೇಶ ಮೊಬೈಲ್ ಅಂಗಡಿಗೆ ಹೋಗಿರುತ್ತಾನೆ. ಸೊಸೆ ನೇತ್ರಾ ಹುನಗುಂದದ ಶಾಲೆಯಲ್ಲಿ ಮಾಸ್ತರಿಣಿ, ಮುಂಜಾನೆಯ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ಆ ಹೊತ್ತಿನಲ್ಲಿ ಅವರು ಸಂಚಿ ತೆಗೆದು ಒಂದೇ ಒಂದು ಎಲೆ ಹಾಕಿಕೊಳ್ಳುತ್ತಿದ್ದರು. ಇದು ಆಣೆ ಮುರಿದಂತಲ್ಲವೆಂದು ಅವರು ಕಚೇರಿಯ ಪದ್ಧತಿಯಂತೆ ವಿಚಾರ ಮಾಡಿ ತೀರ್ಮಾನಿಸಿದ್ದರು. ತಮ್ಮ ಚಟ ಜೋಳಿಗೆಯಲ್ಲಿದೆ. ಇದು ಸಂಗವ್ವನ ಚಟ. ಸತ್ತವರದನ್ನು ನಡೆಸಿಕೊಂಡು ಹೋಗುವುದು ಉಳಿದವರ ಧರ್ಮ.

ಎಲೆ ಹಾಕಿಕೊಂಡು ಅವರು ಬೆರಳನ್ನು ಒರೆಸುತ್ತಿದ್ದುದು ಪಡಸಾಲೆಯ ಗೋಡೆಗೆ. ಈ ಕಥೆ ಆ ಗೋಡೆಯದು.

ಹಳೆಯ ನೀಲಿ ಬಣ್ಣದ ಗೋಡೆ ಅದು. ಸಂಗವ್ವ ಮದುವೆಯಾಗಿ ಬಂದಾಗಿನಿಂದ ಊಟವಾದ ಮೇಲೆ ಅಲ್ಲಿ ಬೆನ್ನು ಕೊಟ್ಟು ಕೂಡುತ್ತಿದ್ದಳು. ಪಕ್ಕದ ಮನೆಯ ಜೈನಬಿ ಭಾಂಡೆ ತೊಳೆದಿಟ್ಟು ಬಂದು ಬಾಗಿಲ ಕಡೆಗೆ ಕೂಡುತ್ತಿದ್ದಳು. ಒಂದೇ ಸಂಚಿ, ಒಂದೇ ಡಬ್ಬಿ, ಊರಿನ ಮಾತೆಲ್ಲ. ಎಲೆಗೆ ಸುಣ್ಣ ಸವರಿ ಬೆರಳಿನಲ್ಲಿ ಉಳಿದದ್ದನ್ನು ಇಬ್ಬರೂ ಗೋಡೆಗೆ ಒರೆಸುವರು. ನಮ್ಮ ಕಡೆ ಎಲೆ ತಿನ್ನುವ ಎಲ್ಲರ ಪದ್ಧತಿ ಇದೇ. ಗೋಡೆ ಕಟ್ಟುವುದೇ ಅದಕ್ಕೆಂದು ಹಿರಿಯರ ತಿಳಿವಳಿಕೆ. ದೀಪಾವಳಿಗೆ ಮನೆಯೆಲ್ಲ ಸುಣ್ಣ ಬಳಿದರೂ ಸಂಗವ್ವ ಆ ಗೋಡೆಯನ್ನು ಬಳಿಯಗೊಡುತ್ತಿರಲಿಲ್ಲ. ಹೇಗೂ ತಾನು ದಿನಾ ಬಳಿಯುತ್ತೇನಲ್ಲ ಎನ್ನುವಳು. ಹೀಗೆ ಗೋಡೆಯ ತುಂಬ ಬಿಳಿಯ ಗೆರೆಗಳು. ಮಗ ಹೊಟ್ಟೆಯಲ್ಲಿದ್ದಾಗ ನೆಲಕ್ಕೆ ಕೂಡಲಾರದೆ ಸ್ಟೂಲಿನ ಮೇಲೆ ಕೂತು ಒರೆಸಿದವು ಮೇಲೆ ಇದ್ದವು. ಭುಜ ಹಿಡಿದುಕೊಂಡ ಮೇಲಿನವು ಕೆಳಗೆ, ಓರೆಯಾಗಿ, ಚಿಕ್ಕದಾಗಿ ಇದ್ದವು. ಅದರ ಕೆಳಗಿನವು ಶಂಕರಲಿಂಗಪ್ಪನವರವು.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂತು. ಮನೆಗೆ ಮಂದಿ ಬರುತ್ತಾರೆ, ಅಯ್ಯನವರು ಬರುತ್ತಾರೆಂದು ನೇತ್ರಾ ಮನೆಗೆಲ್ಲ ಬಣ್ಣ ಹಚ್ಚಿಸಲು ಜೈನಬಿಯ ಮಗ ಇರ್ಫಾನನಿಗೆ ಹೇಳಿದಳು. ಇರ್ಫಾನ ಭಾನುವಾರ ಮುಂಜಾನೆ ಬಂದು ಗೋಡೆಗೆ ಉಜ್ಜುವ ಕಾಗದ ಹಚ್ಚಿದ. ಒಳಗೆ ಪೂಜೆಗೆ ಕೂತಿದ್ದ ಶಂಕರಲಿಂಗಪ್ಪನವರಿಗೆ ಆ ಸಪ್ಪಳ ಕೇಳಿತು. ಪೂಜೆಯ ಕ್ರಮ ತಪ್ಪಿದ್ದು ಅಂದೇ ಮೊದಲು. ಬರಿಮೈಯಲ್ಲಿ ಎದ್ದು ಬಂದು ಗೋಡೆಗೆ ಅಡ್ಡ ನಿಂತರು.

"ಯಾಕ್ರಿ ಮಾವಾರ?" ಎಂದಳು ನೇತ್ರಾ. "ಸುಣ್ಣದ ಹೊಲಸ ಅದು. ಉಜ್ಜಿ ತಗದ ಮ್ಯಾಲ ಬಣ್ಣ ಛಲೋ ಕೂಡತೈತಂತ."

ಇದು ನಿನ್ನ ಅತ್ತೆಯ ಬೆರಳು, ಇದನ್ನು ಅಳಿಸಬೇಡ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಿವೃತ್ತ ಗುಮಾಸ್ತನೊಬ್ಬ, ಹಣೆಯ ತುಂಬ ವಿಭೂತಿ ಧರಿಸಿ, ಸೊಸೆಯ ಎದುರಿಗೆ, ಬಣ್ಣದವನ ಎದುರಿಗೆ, ಹೆಂಡತಿ ಒರೆಸಿದ ಸುಣ್ಣವನ್ನು ನಾನು ದಿನಾ ನೋಡುತ್ತ ಕೂಡುತ್ತೇನೆ ಎಂದು ಹೇಗೆ ಹೇಳಬೇಕು? ನಾಚಿಕೆಯ ಜಾಗದಲ್ಲಿ ಸುಳ್ಳು ಹೊರಗೆ ಬಂತು.

"ಸುಣ್ಣ ಅಲ್ಲ ಅದು, ಈಬತ್ತಿ," ಎಂದರು. ವಿಭೂತಿಗೆ ನಮ್ಮ ಕಡೆಯ ಮಾತು ಅದು. "ನಿಮ್ಮತ್ತಿ ದಿನಾ ಪೂಜಿ ಮಾಡಿಕೊಂಡ ಮ್ಯಾಲ ಬೆರಳಿಗೆ ಉಳಿದ ಈಬತ್ತೀನ ಇಲ್ಲಿ ಹಚ್ಚಾಕಿ."

ನೇತ್ರಾ ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತೆ ಅಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದಳಲ್ಲ ಎಂದು ಮೆಲ್ಲಗೆ ಕೇಳಿದಳು. ಎಲೆ ಬೇರೆ, ಈಬತ್ತಿ ಬೇರೆ ಎಂದು ಮಾವ ಹೇಳಿದರು. ಚಟವನ್ನು ಜೋಳಿಗೆಗೆ ಹಾಕಿದ ಮನುಷ್ಯ ಸುಳ್ಳು ಹೇಳುವನೇ? ಆಕೆ ಗಂಡನ ಮುಖ ನೋಡಿದಳು. ವಿಜಯಮಹಾಂತೇಶ ಹುಟ್ಟಿದಾಗಿನಿಂದ ಅದೇ ಗೋಡೆಯ ಮುಂದೆ ಉಂಡವನು, ಆದರೆ ಗೋಡೆ ನೋಡಿದವನಲ್ಲ. ಅವನು ಮೊಬೈಲಿನಿಂದ ಕಣ್ಣೆತ್ತಿ, "ಇರಬಹುದು," ಎಂದ. ಇರ್ಫಾನನಿಗೆ ಬಾಗಿಲ ಕಡೆಯ ದಪ್ಪ ಗೆರೆಗಳು ಯಾರವು ಎಂಬುದು ಗೊತ್ತಿತ್ತು. ಅವನ ತಾಯಿಯ ಬೆರಳನ್ನು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಆದರೆ ಬಣ್ಣದವನು ಮನೆಯ ಯಜಮಾನರೊಡನೆ ವಾದ ಮಾಡುವುದಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಅಡಿಗೆಮನೆಯ ಕಡೆಗೆ ಹೋದ.

ನೇತ್ರಾಳ ತಂಗಿ ಬಸವೇಶ್ವರಿ ಬಾದಾಮಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಳು. ಕೊನೆಯ ವರ್ಷ. ನಿತ್ಯದ ಆಚರಣೆ ಮತ್ತು ಕಾಲ ಎಂಬ ವಿಷಯ ಹಿಡಿದುಕೊಂಡು, ಊದಿನಕಡ್ಡಿಯ ಬೂದಿ, ಹೊಸ್ತಿಲ ಮೇಲಿನ ಬಾಡಿದ ಹೂವು, ಆರಿದ ಬತ್ತಿ ಎಲ್ಲವನ್ನೂ ಅಂಟಿಸಿ ನೋಡಿದ್ದಳು. ಇದರಲ್ಲಿ ಕಾಲ ಕಾಣಿಸುವುದಿಲ್ಲ, ಕಸ ಕಾಣಿಸುತ್ತದೆ ಎಂದು ಅವಳ ಗುರುಗಳು ಹೇಳಿದ್ದರು. ಅಕ್ಕ ಕಳಿಸಿದ ಗೋಡೆಯ ಫೋಟೋ ನೋಡಿದ್ದೇ ತಡ, ಮರುದಿನವೇ ಇಳಕಲ್ಲಿಗೆ ಬಂದಳು. ಗೋಡೆಯ ಮುಂದೆ ಕೂತಳು.

"ಅಕ್ಕಾ, ಕಾಲ ಇಲ್ಲೇ ಬಂದು ಕುಂತೈತಲ್ಲ," ಎಂದಳು ಕಡೆಗೆ. "ಬಾದಾಮಿ ಗುಡ್ಡ ಎಲ್ಲಾ ಹುಡಿಕ್ಯಾಡಿದೆ ನಾ."

ಅದು ನಿಜವಾದ ಮಾತು. ಹುಡುಗಿಯ ಕಣ್ಣಿನಲ್ಲಿ ನೀರಿತ್ತು. ಮೇಲಿನ ಗೆರೆಗಳು ಗಟ್ಟಿಯಾಗಿವೆ, ಕೆಳಗೆ ಬರುತ್ತ ಕೈ ಸೋತಿದೆ ಎಂದು ಅವಳು ಬೆರಳಿಟ್ಟು ತೋರಿಸಿದಾಗ ಶಂಕರಲಿಂಗಪ್ಪನವರು ಎದ್ದು ಹಿತ್ತಲಿಗೆ ಹೋಗಿ ಬಾವಿಯೊಳಗೆ ಇಣುಕಿ ನೋಡಿದರು. ಬಾವಿಯಲ್ಲಿ ನೀರಿಲ್ಲದೆ ವರ್ಷಗಳಾಗಿದ್ದವು.

ಆದರೆ ಕಲೆಯನ್ನು ಅರಿತವರು ಪ್ರಶ್ನೆಯನ್ನೂ ಕೇಳುತ್ತಾರೆ. ವಿಭೂತಿಯನ್ನು ಮೂರು ಬೆರಳಿನಲ್ಲಿ ಹಚ್ಚುತ್ತಾರಲ್ಲ, ಇಲ್ಲಿ ಒಂದೇ ಬೆರಳು ಯಾಕೆ ಎಂದು ಅವಳು ಊಟದ ಹೊತ್ತಿಗೆ ಕೇಳಿದಳು. ಶಂಕರಲಿಂಗಪ್ಪನವರ ಕೈಯಲ್ಲಿದ್ದ ರೊಟ್ಟಿ ಕೈಯಲ್ಲಿಯೇ ಉಳಿಯಿತು. ನೀರಾವರಿ ಕಚೇರಿಯಲ್ಲಿ ಕಾಲುವೆಗೆ ನೀರು ಯಾಕೆ ಬಂದಿಲ್ಲವೆಂದು ರೈತರಿಗೆ ಉತ್ತರ ಹೇಳಿದ ಅನುಭವ ಅಂದು ಕೆಲಸಕ್ಕೆ ಬಂತು.

"ಮೂರು ಹಣಿಗೆ, ಉಳಿದದ್ದು ಮನಿಗೆ," ಎಂದರು.

ಈ ಮಾತು ಸಂಜೆಯೊಳಗೆ ನೇತ್ರಾಳ ಮೊಬೈಲಿನಿಂದ ಹೊರಟು ಓಣಿಯ ಎಲ್ಲರ ಮೊಬೈಲಿಗೆ ಮುಟ್ಟಿತು. ಮರುದಿನದಿಂದ ಓಣಿಯ ಹೆಂಗಸರು ಪೂಜೆ ಮುಗಿಸಿ ಒಂದು ಬೆರಳು ವಿಭೂತಿಯನ್ನು ತಮ್ಮ ತಮ್ಮ ಗೋಡೆಗೆ ಹಚ್ಚತೊಡಗಿದರು. ಹೋದ ತಿಂಗಳಷ್ಟೇ ಹಳದಿ ಬಣ್ಣ ಹಚ್ಚಿಸಿದ ಗಂಡಸರು ಒಳಗೊಳಗೇ ಸಂಕಟಪಟ್ಟರೂ ಧರ್ಮದ ವಿಷಯವೆಂದು ಸುಮ್ಮನಾದರು. ಬಣ್ಣ ಹಚ್ಚಿಸಬೇಕೆಂದಿದ್ದವರು ಇರ್ಫಾನನನ್ನು ಬೇಡವೆಂದರು. ಹಳೆಯ ಗೋಡೆ ಇದ್ದವರ ಮರ್ಯಾದೆ ಹೆಚ್ಚಾಯಿತು. ಅಕ್ಕಪಕ್ಕದವರು ಸಂಗವ್ವನ ಗೋಡೆಯನ್ನು ನೋಡಲು ಬಂದರು. ಬಂದವರು ಚಪ್ಪಲಿ ಬಿಟ್ಟರು. ಚಪ್ಪಲಿ ಬಿಟ್ಟವರು ಕೈ ಮುಗಿದರು. ಕೈ ಮುಗಿದವರು ಗೋಡೆಗೆ ಹಣೆ ಹಚ್ಚಿದರು.

ಇತ್ತ ಮಧ್ಯಾಹ್ನವೆಲ್ಲ ಗೋಡೆಯ ಮುಂದೆ ಮಂದಿ ಇರುವುದರಿಂದ ಶಂಕರಲಿಂಗಪ್ಪನವರ ಎಲೆಗೆ ಸಮಯವೇ ಸಿಗದಾಯಿತು. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲೆ ಹಾಕಿಕೊಂಡು, ಬೆರಳೊರೆಸಿ, ಬಾಯಿ ತೊಳೆದು, ಲವಂಗ ಜಗಿದು, ಆಮೇಲೆ ಸ್ನಾನಕ್ಕೆ ಹೋಗತೊಡಗಿದರು. ಮಾವನವರು ಈ ವಯಸ್ಸಿನಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ಏಳುತ್ತಾರೆಂದು ನೇತ್ರಾ ಶಾಲೆಯಲ್ಲಿ ಹೇಳಿದಳು. ಅಯ್ಯನವರ ಪ್ರವಚನಕ್ಕೆ ಇನ್ನೊಂದು ಉದಾಹರಣೆ ಸಿಕ್ಕಿತು.

ಮುಂದೆ ಬಾಗಲಕೋಟೆಯಿಂದ ಒಬ್ಬ ಸಾಹೇಬರು ಬಂದರು. ಕಲೆ, ಸಂಸ್ಕೃತಿ ಮುಂತಾದವುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಅವರು ಕನ್ನಡಕ ಏರಿಸಿ, ಇಳಿಸಿ, ಗೋಡೆಯನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಆಗ ಜೈನಬಿ ಬಾಗಿಲ ಹತ್ತಿರ ಕೂತು ನೇತ್ರಾಳಿಗೆ ಜೋಳ ಹಸನು ಮಾಡಿಕೊಡುತ್ತಿದ್ದಳು. ಸಾಹೇಬರು ಬಸವೇಶ್ವರಿಗೆ ತಿಳಿಸಿ ಹೇಳಿದರು. ಈ ಕಲಾವಿದೆಯಲ್ಲಿ ಎರಡು ಘಟ್ಟಗಳಿವೆ. ಈ ಕಡೆಯ ಸಣ್ಣ ಗೆರೆಗಳು ಮೊದಲ ಘಟ್ಟ, ಅಲ್ಲಿ ಸಂಕೋಚವಿದೆ. ಬಾಗಿಲ ಕಡೆಯ ದಪ್ಪ ಗೆರೆಗಳು ಎರಡನೆಯ ಘಟ್ಟ. ಅಲ್ಲಿ ಭಕ್ತಿ ಪಕ್ವವಾಗಿ, ಎಲ್ಲ ಕಟ್ಟುಗಳನ್ನು ಹರಿದುಕೊಂಡು ಹೊರಗೆ ನುಗ್ಗಿದೆ.

ಬಾಗಿಲ ಕಡೆಯ ದಪ್ಪ ಗೆರೆಗಳ ಒಡತಿ ಮೊರದ ಮೇಲೆ ಬಾಗಿ ಜೋರಾಗಿ ಕೆಮ್ಮಿದಳು. ಜೈನಬವ್ವಾ, ನಿಮಗೇನಾದರೂ ಗೊತ್ತೇನು ಎಂದು ನೇತ್ರಾ ಕೇಳಿದ್ದಕ್ಕೆ, ನಿಮ್ಮ ದೇವರ ಸುದ್ದಿ ತನಗೇನು ಗೊತ್ತು ತಾಯಿ ಎಂದು ಮೊರ ಎತ್ತಿಕೊಂಡು ಎದ್ದು ಹೋದಳು.

ಸಾಹೇಬರು ಗೋಡೆಗೆ ಗಾಜು ಹಾಕಿಸಬೇಕು, ಮೇಲೆ ದೀಪ ಕೂಡಿಸಬೇಕು, ಪುಣ್ಯಸ್ಮರಣೆಯ ದಿನವೇ ಅಯ್ಯನವರ ಕೈಯಿಂದ ಅನಾವರಣ ಮಾಡಿಸಬೇಕು ಎಂದು ನಿಶ್ಚಯಿಸಿದರು. ಬಾದಾಮಿಯ ಪ್ರದರ್ಶನದಲ್ಲಿ ದೊಡ್ಡ ಫೋಟೋ ಇಡುವುದಾಯಿತು. ಗೋಡೆಯ ಪಕ್ಕದಲ್ಲಿ ಹಚ್ಚಲು ಬಸವೇಶ್ವರಿ ಒಂದು ಫಲಕವನ್ನೂ ಸಿದ್ಧ ಮಾಡಿದಳು: ಕಲಾವಿದೆ, ಲಿಂಗೈಕ್ಯ ಸಂಗವ್ವ. ಮಾಧ್ಯಮ, ವಿಭೂತಿ. ಸಂಗವ್ವ ತನ್ನ ಜನ್ಮದಲ್ಲಿ ಮಾಧ್ಯಮ ಎಂಬ ಮಾತನ್ನು ಕೇಳಿದವಳಲ್ಲ.

ಗಾಜು ಬರುತ್ತದೆಂದು ಕೇಳಿ ಶಂಕರಲಿಂಗಪ್ಪನವರಿಗೆ ಸಮಾಧಾನವೇನೋ ಆಯಿತು. ಗೋಡೆ ಉಳಿಯಿತು, ಇನ್ನು ಅದನ್ನು ಯಾರೂ ಉಜ್ಜುವಂತಿಲ್ಲ. ಅಂದು ಸಂಜೆ ಹಿತ್ತಲಲ್ಲಿ ನಿಂತಾಗ ಗೋಡೆಯಾಚೆಯಿಂದ ಜೈನಬಿಯ ತಲೆ ಕಾಣಿಸಿತು.

"ಅಣ್ಣಾರ, ನಿಮ್ಮ ಮಂದಿ ನನ್ನ ಬೆರಳಿಗೆ ಹಣಿ ಹಚ್ಚಾಕತ್ತಾರ," ಎಂದಳು. "ಪಾಪ ನಿಮಗಲ್ಲ, ನನಗ ಹತ್ತತೈತಿ. ಖರೆ ಹೇಳಿಬಿಡ್ರಿ."

ಪುಣ್ಯಸ್ಮರಣೆ ಒಂದು ಮುಗಿಯಲಿ, ಆಮೇಲೆ ಹೇಳುತ್ತೇನೆ ತಂಗಿ ಎಂದು ಅವರು ಬೇಡಿಕೊಂಡರು.

"ಅಷ್ಟೊತ್ತಿಗೆ ನನ್ನ ಶರಣೀನ ಮಾಡಿ ಕುಂಡರಿಸಿರ್ತೀರಿ," ಎಂದು ಹೇಳಿ ಜೈನಬಿಯ ತಲೆ ಮರೆಯಾಯಿತು.

ಪುಣ್ಯಸ್ಮರಣೆಯ ದಿನ ಓಣಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಗೋಧಿ ಹುಗ್ಗಿ ಕುದಿಯುತ್ತಿತ್ತು. ಗಾಜು ಚಾಪೆಯಲ್ಲಿ ಸುತ್ತಿ ಮೂಲೆಗೆ ನಿಂತಿತ್ತು. ಶಂಕರಲಿಂಗಪ್ಪನವರು ಅಂದು ನಸುಕಿನಲ್ಲಿ, ಇದೇ ಕಡೆಯದು ಎಂದು ಮನಸ್ಸಿನಲ್ಲಿ ಹೇಳಿಕೊಂಡು ಒಂದು ಎಲೆ ಹಾಕಿಕೊಂಡಿದ್ದರು. ಕತ್ತಲಲ್ಲಿ ಸುಣ್ಣ ಜಾಸ್ತಿಯಾಗಿ ಎಲ್ಲಕ್ಕಿಂತ ಕೆಳಗೆ ಒಂದು ದಪ್ಪ ಗೆರೆ ಬಿದ್ದಿತ್ತು. ಗಾಜು ಬಂದ ಮೇಲೆ ಒರೆಸಲು ಜಾಗವಿರುವುದಿಲ್ಲವಲ್ಲ ಎಂದು ಅವರು ಅದನ್ನು ಹಾಗೆಯೇ ಬಿಟ್ಟಿದ್ದರು.

ಅಯ್ಯನವರು ಬಂದರು. ಸಾಹೇಬರು ಬಂದರು. ಪಾನಂಗಡಿಯ ಹುಡುಗರು ತಲೆ ಬಾಚಿಕೊಂಡು ಬಂದು ಹಿಂದೆ ನಿಂತರು. ಸಂಗವ್ವ ಮುತ್ತೈದೆಯಾಗಿ ಹೋದವಳೆಂದು ಓಣಿಯ ಹಿರಿಯ ಹೆಂಗಸೊಬ್ಬರು ಬಟ್ಟಲಲ್ಲಿ ಅರಿಷಿಣ ಕಲೆಸಿಕೊಂಡು ಬಂದು, ಆಕೆಯ ಫೋಟೋಕ್ಕೆ ಹಚ್ಚಿ, ಆಮೇಲೆ ಗೋಡೆಯ ಗೆರೆಗಳಿಗೂ ಒಂದೊಂದು ಬೊಟ್ಟು ಇಡುತ್ತ ಬಂದರು. ಮೇಲಿನ ಗೆರೆಗಳ ಮೇಲೆ ಅರಿಷಿಣ ಅರಿಷಿಣವಾಗಿಯೇ ಉಳಿಯಿತು. ಎಲ್ಲಕ್ಕಿಂತ ಕೆಳಗಿನ ಗೆರೆಗೆ ಬೊಟ್ಟು ಇಟ್ಟ ಕೂಡಲೇ ಅದು ನೋಡುತ್ತ ನೋಡುತ್ತ ರಕ್ತದ ಹಾಗೆ ಕೆಂಪಾಯಿತು.

ಅರಿಷಿಣಕ್ಕೆ ಹಸಿಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂಬುದು, ಒಂದು ಸಲವಾದರೂ ಆರತಿ ತಟ್ಟೆಗೆ ಓಕುಳಿ ಕಲೆಸಿದ ಯಾವ ಹೆಂಗಸಿಗೂ ಹೊಸ ಸಂಗತಿಯಲ್ಲ. ಬಟ್ಟಲು ಹಿಡಿದಾಕೆಯ ಕೈ ನಿಂತಿತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಸೆರಗು ಸರಿಮಾಡಿಕೊಂಡರು. ಮಾತಾಡಿದರೆ ತಾವು ಇಷ್ಟು ದಿನ ಕೈ ಮುಗಿದದ್ದು ಏತಕ್ಕೆ ಎಂಬ ಪ್ರಶ್ನೆ ಬರುತ್ತದೆ. ಓಕುಳಿ ಕಲೆಸಿ ಗೊತ್ತಿಲ್ಲದ ಗಂಡಸರು ಮಾತ್ರ ಪವಾಡ ಪವಾಡ ಎಂದು ಮುಂದೆ ನುಗ್ಗಿದರು. ಪಕ್ವವಾದ ಭಕ್ತಿ ಕೊನೆಗೆ ಬಣ್ಣಕ್ಕೆ ತಿರುಗಿದೆ ಎಂದು ಸಾಹೇಬರು ಫೋಟೋ ತೆಗೆದರು. ವಿಜಯಮಹಾಂತೇಶ ಇರಬಹುದು ಎಂದ. ಅಯ್ಯನವರು ಗೋಡೆಯನ್ನು ಬಿಟ್ಟು ಶಂಕರಲಿಂಗಪ್ಪನವರನ್ನು ನೋಡುತ್ತಿದ್ದರು.

ನೂಕುನುಗ್ಗಲಿನಲ್ಲಿ ಹಿಂದಿನ ಓಣಿಯ ಶಿವಗಂಗಾ ಮುಂದೆ ಬಂದಳು. ಬಗಲಲ್ಲಿ ಕೂಸು. ಕೂಸಿನ ಕಣ್ಣು ಬೇನೆಯಾಗಿ, ದವಾಖಾನೆಗೆ ತಿರುಗಿ ತಿರುಗಿ ತಾಯಿ ಸೋತಿದ್ದಳು. ಕೂಸಿನ ಚಿಂತೆಯಲ್ಲಿದ್ದವಳಿಗೆ ಓಕುಳಿ ಎಲ್ಲಿಂದ ನೆನಪಾಗಬೇಕು? ಆ ಕೆಂಪನ್ನು ಬೆರಳಿನ ತುದಿಗೆ ತೆಗೆದುಕೊಂಡು, ಅವ್ವಾ ಸಂಗವ್ವ ಕಾಪಾಡು ಎಂದು ಕೂಸಿನ ಕಣ್ಣಿಗೆ ಒಯ್ದಳು.

"ತಂಗೀ, ಹಚ್ಚಬ್ಯಾಡ!"

ಶಂಕರಲಿಂಗಪ್ಪನವರು ಎರಡು ಕುರ್ಚಿ ಕೆಡವಿ ಬಂದು ಆಕೆಯ ಮಣಿಕಟ್ಟು ಹಿಡಿದಿದ್ದರು.

"ಸುಣ್ಣ ಅದು," ಎಂದರು. "ಕೂಸಿನ ಕಣ್ಣು ಹೋದಾವು."

"ಏನ್ರಿ ಮಾವಾರ, ಏನಂತೀರಿ?" ಎಂದಳು ನೇತ್ರಾ.

"ಎಲಿಗೆ ಹಚ್ಚೋ ಸುಣ್ಣ, ಅವ್ವಾ. ಇವತ್ತ ನಸುಕಿನ್ಯಾಗ ನಾನ ಒರಿಸಿದ್ದು. ಮ್ಯಾಲಿನ್ವು ನಿಮ್ಮತ್ತೀವು. ಅವೂ ಸುಣ್ಣಾನ. ಈಬತ್ತಿ ಅನ್ನೋದು ನಾ ಹೇಳಿದ ಸುಳ್ಳು."

ನೇತ್ರಾ ಮಾವನ ಮುಖ ನೋಡಲಿಲ್ಲ. ತಂಬಿಗೆ ನೀರು ತಂದು ಶಿವಗಂಗಾಳ ಬೆರಳನ್ನು ತಿಕ್ಕಿ ತಿಕ್ಕಿ ತೊಳೆದಳು. ಹೆಂಗಸರು ಈಗ ಮಾತಾಡತೊಡಗಿದರು. ತಮಗೆ ಮೊದಲೇ ಅನುಮಾನವಿತ್ತು ಎಂಬುದು ಎಲ್ಲರ ಮಾತು. ಸಾಹೇಬರು ಮೊಬೈಲನ್ನು ಜೇಬಿಗೆ ಹಾಕಿದರು. ಹಿಂದೆ ನಿಂತ ಹುಡುಗರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡು, ಹಾಗಾದರೆ ತಮ್ಮ ಗುಟ್ಕಾ ಚೀಟಿ ವಾಪಸು ಸಿಗುತ್ತವೆಯೇ ಎಂದು ವಿನಯದಿಂದ ಕೇಳಿದ. ನ್ಯಾಯವಾದ ಪ್ರಶ್ನೆಯೆಂದು ಕೆಲವರು ತಲೆಯಾಡಿಸಿದರು. ಜೋಳಿಗೆಗೆ ಬಿದ್ದದ್ದು ಮೇಲೆ ಬರುವುದಿಲ್ಲ, ಮುಂದೆ ನಡೆದವನು ಎಡವಿದರೆ ಹಿಂದಿನವನು ಕಲ್ಲು ದಾಟಬೇಕು ಎಂದ ಅಯ್ಯನವರು, ಆ ಜೋಳಿಗೆಯನ್ನು ಶಂಕರಲಿಂಗಪ್ಪನವರ ಮುಂದೆ ಹಿಡಿದರು.

"ಉಳಿದದ್ದನ್ನ ತರ್ರಿ," ಎಂದರು.

ಶಂಕರಲಿಂಗಪ್ಪನವರು ಒಳಗೆ ಹೋದರು. ಕೌದಿ ಎತ್ತುವುದು, ಪೆಟ್ಟಿಗೆಯ ಮುಚ್ಚಳ ಬೀಳುವುದು ಹೊರಗೆಲ್ಲ ಕೇಳಿಸಿತು. ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಇಳಕಲ್ ಸೀರೆಯ ಹಳೆಯ ಸೆರಗಿನ ತುಂಡಿನಿಂದ ಹೊಲಿದದ್ದು, ಅಂಚು ಸವೆದಿತ್ತು. ಜೋಳಿಗೆಯ ಬಾಯಿಗೆ ಒಯ್ದರು. ಕೈ ಬಿಡಬೇಕು, ಕೈ ಬಿಡಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು. ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಬಂದಿತ್ತು.

ಜೈನಬಿ ಅಡಿಗೆಯವರ ನಡುವಿನಿಂದ ಎದ್ದು ಬಂದಳು.

"ಅಯ್ಯನವರ, ಅದರಾಗ ಅರ್ಧ ನಂದೈತ್ರಿ," ಎಂದಳು. "ಸೆರಗು ಸಂಗವ್ವಂದು, ಹೊಲದಾಕಿ ನಾ. ಅಣ್ಣಾರು ತಮ್ಮದು ಎಷ್ಟ ಬೇಕಾದರ ದಾನ ಕೊಡ್ಲಿ. ನನ್ನ ಚಟ ನಾ ಯಾರಿಗೂ ಕೊಟ್ಟಿಲ್ರಿ."

ಅಷ್ಟಕ್ಕೆ ನಿಲ್ಲಲಿಲ್ಲ. ಬಂದದ್ದು ಬರಲಿ ಎಂದು ಗೋಡೆಯ ಕಡೆ ತಿರುಗಿ, ಬಾಗಿಲ ಕಡೆಯ ದಪ್ಪ ಗೆರೆಗಳೆಲ್ಲ ತನ್ನವೇ ಎಂದೂ, ತಾನು ಯಾವ ಕಟ್ಟನ್ನೂ ಹರಿದುಕೊಂಡು ನುಗ್ಗಿದವಳಲ್ಲ, ತನ್ನ ಬೆರಳೇ ದಪ್ಪ ಎಂದೂ ಸಾಹೇಬರಿಗೆ ಹೇಳಿದಳು. ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆ ಹೊತ್ತಿಗೆ ಎಷ್ಟೋ ಜನ ಹಣೆ ಮುಟ್ಟಿ ನೋಡಿಕೊಂಡರು.

ಅಯ್ಯನವರು ಸಂಚಿಯ ದಾರ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನು ಜೋಳಿಗೆಗೆ ಸುರಿದುಕೊಂಡು, ಬರಿದಾದ ಸಂಚಿಯನ್ನು ಜೈನಬಿಯ ಕೈಗೆ ಕೊಟ್ಟರು. ಆಮೇಲೆ ಊಟಕ್ಕೆ ಕೂತರು. ಶಂಕರಲಿಂಗಪ್ಪನವರನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು, ಆದರೆ ಮಾತಾಡಿಸಲಿಲ್ಲ. ಮುಂದಿನ ಪ್ರವಚನದಲ್ಲಿ ಇಳಕಲ್ಲಿನ ಉದಾಹರಣೆ ಬರಲಿಲ್ಲವೆಂದು ಕೇಳಿದೆ.

ಗಾಜು ಚಾಪೆಯಲ್ಲಿದ್ದ ಹಾಗೆಯೇ ಬಾಗಲಕೋಟೆಗೆ ಹೋಯಿತು. ಓಣಿಯ ಗಂಡಸರು ಇರ್ಫಾನನನ್ನು ಒಬ್ಬರ ಮೇಲೊಬ್ಬರು ಕರೆದರು. ಬಸವೇಶ್ವರಿ ಒಂದು ದಿನ ಅತ್ತಳು. ಮರುದಿನ ಫಲಕದಲ್ಲಿ ವಿಭೂತಿ ಎಂಬುದನ್ನು ಅಳಿಸಿ ಸುಣ್ಣ ಎಂದು ಬರೆದಳು. ಸಂಗವ್ವನ ಹೆಸರಿನ ಪಕ್ಕ ಜೈನಬಿಯ ಹೆಸರನ್ನೂ ಬರೆದು ಬಾದಾಮಿಗೆ ಒಯ್ದಳು. ಈಗ ಇದು ಮೊದಲಿಗಿಂತ ಚೆನ್ನಾಗಿದೆ ಎಂದು ಅವಳ ಗುರುಗಳು ಹೇಳಿದರಂತೆ. ನೋಡಲು ಬಾ ಎಂದು ಕರೆದರೆ ಜೈನಬಿ, ನನ್ನ ಬೆರಳು ನೋಡಲು ಬಾದಾಮಿಗೆ ಯಾಕೆ ಹೋಗಲಿ, ಇಲ್ಲೇ ಇದೆಯಲ್ಲ ಎಂದಳು.

ನೇತ್ರಾ ಮಾವನೊಡನೆ ಮಾತು ಬಿಟ್ಟಿದ್ದಳು. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಬಿಸಿ ರೊಟ್ಟಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಶಾಲೆಯಲ್ಲಿ ಆಕೆ ಏನು ಕೇಳಿಸಿಕೊಂಡಳೋ ಆಕೆಗೇ ಗೊತ್ತು. ಭಾನುವಾರ ಇರ್ಫಾನ ಉಳಿದ ಕೆಲಸಕ್ಕೆ ಬಂದಾಗ, ಉಜ್ಜುವ ಕಾಗದದೊಡನೆ ಅವನನ್ನು ನಡುಮನೆಗೆ ಕಳಿಸಿ, ತಾನು ಒಂದು ಬಕೆಟ್ ನೀರು, ಒಂದು ಅರಿವೆ ತಂದು ಪಡಸಾಲೆಯ ಗೋಡೆಯ ಮುಂದೆ ಕೂತಳು. ಶಂಕರಲಿಂಗಪ್ಪನವರು ಎದ್ದು ನಿಂತರು. ಈ ಸಲ ಅಡ್ಡ ಬರಲಿಲ್ಲ.

"ಮಾವಾರ, ಇದರಾಗ ನಿಮ್ಮವು ಯಾವು?" ಎಂದಳು.

ಅವರು ಹತ್ತಿರ ಬಂದು ಬಗ್ಗಿದರು. ಬೆರಳಿಟ್ಟು ತೋರಿಸಿದರು. ನೇತ್ರಾ ಅರಿವೆ ಅದ್ದಿ ಅದನ್ನು ಒರೆಸಿದಳು.

"ಇದು?"

"ನಂದು."

"ಇದು?"

"ಅದೂ ನಂದು."

ನಡುಮನೆಯಲ್ಲಿ ಇರ್ಫಾನನ ಉಜ್ಜುವ ಸಪ್ಪಳ ನಿಂತಿತ್ತು. ವಿಜಯಮಹಾಂತೇಶ ಮೊಬೈಲ್ ಕೆಳಗಿಟ್ಟು ಗೋಡೆ ನೋಡುತ್ತಿದ್ದ. ಹೀಗೆ ಕೆಳಗಿನಿಂದ ಮೇಲಕ್ಕೆ, ಒಂದು ವರ್ಷದ ಕಳವನ್ನು ಅವರು ಒಂದೊಂದಾಗಿ ಒಪ್ಪಿಸುತ್ತ ಹೋದರು. ಒಂದು ಸಣ್ಣ ಗೆರೆಯ ಹತ್ತಿರ ಬೆರಳು ನಿಂತಿತು. ಓರೆಯಾಗಿ, ಅರ್ಧಕ್ಕೇ ಮುಗಿದುಹೋದ ಗೆರೆ.

"ಇದು?" ಎಂದಳು ನೇತ್ರಾ.

ಶಂಕರಲಿಂಗಪ್ಪನವರು ಗೆರೆಯ ಮೇಲಿಂದ ಬೆರಳು ತೆಗೆದರು.

"ಅಕೀದು," ಎಂದರು. "ಕಡೀದು."

ನೇತ್ರಾ ಅರಿವೆಯನ್ನು ಬಕೆಟ್ಟಿಗೆ ಹಾಕಿದಳು. ಅದರ ಮೇಲಿನ ಗೋಡೆಯನ್ನು ಮುಟ್ಟಲಿಲ್ಲ.

ಕೆಳಗಿನ ಆ ಕೆಂಪು ಮಾತ್ರ ಹೋಗಲಿಲ್ಲ. ನೀರಿಗೆ ಹೋಗಲಿಲ್ಲ, ಸಾಬೂನಿಗೆ ಹೋಗಲಿಲ್ಲ. ಬೇಕಾದರೆ ಕೆರೆದು ತೆಗೆಯುತ್ತೇನೆ ಎಂದು ಇರ್ಫಾನ ಬಂದು ನೋಡಿದ. ಆದರೆ ಆ ಜಾಗದಲ್ಲಿ ಗಾರೆ ಸಡಿಲವಾಗಿದೆ, ಕೆರೆದರೆ ಮೇಲಿನ ಗೆರೆಗಳೂ ಉದುರುತ್ತವೆ ಎಂದ. ಇರಲಿ ಬಿಡು ಎಂದಳು ನೇತ್ರಾ. ಅದು ಇದೆ.

ಈಗಲೂ ಮಧ್ಯಾಹ್ನ ಜೈನಬಿ ಬಂದು ಬಾಗಿಲ ಕಡೆಗೆ ಕೂತು, ಆ ಸಂಚಿ ಬಿಚ್ಚಿ, ತನ್ನ ಎಲೆ ತಾನು ಹಾಕಿಕೊಂಡು, ತನ್ನ ಜಾಗದಲ್ಲಿ ತನ್ನ ಬೆರಳು ಒರೆಸುತ್ತಾಳೆ. ಶಂಕರಲಿಂಗಪ್ಪನವರು ಎದುರಿಗೆ ಕೂತು ನೋಡುತ್ತಾರೆ. ಮನೆಗೆ ಬಂದವರು ಬಿಳಿಯ ಗೆರೆಗಳ ಬಗ್ಗೆ ಕೇಳುವುದಿಲ್ಲ. ಸುಣ್ಣದ ಗೆರೆ ಯಾರ ಮನೆಯಲ್ಲಿಲ್ಲ? ಆದರೆ ಕೆಳಗಿನ ಕೆಂಪು ಕಲೆ ಕಂಡು, ಇದೇನ್ರಿ ಇದು ಎಂದು ಎಲ್ಲರೂ ಕೇಳುತ್ತಾರೆ. ನೇತ್ರಾ ಒಳಗಿನಿಂದ ಕಿವಿಗೊಟ್ಟಿರುತ್ತಾಳೆ. ಶಂಕರಲಿಂಗಪ್ಪನವರು ತಲೆ ಬಗ್ಗಿಸಿ, "ಅದು ನಂದ್ರಿ," ಎಂದು ಹೇಳಿ, ಏನೂ ಹತ್ತದ ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾರೆ.